ಏಕಾಂತದ್ವೀಪದ ಪೂರ್ವಚರಿತ್ರೆ

ಹಿಂದೂ ಮಹಾಸಾಗರದಲ್ಲಿ, ಭಾರತದ ದಕ್ಷಿಣಾಗ್ರದಿಂದ ನೈಋತ್ಯಕ್ಕೆ ಸರಿದು, ಉತ್ತರದಿಂದ ದಕ್ಷಿಣಕ್ಕೆ 800 ಕಿಲೋಮೀಟರುಗಳಿಗೂ ಮಿಗಿಲಾಗಿ ಚಾಚಿ, ವಿಷುವದ್ರೇಖೆಯನ್ನೂ ದಾಟಿ ನಿಂತಿರುವ ಮಾಲ್ಡೀವ್ಸ್ ದ್ವೀಪಗಳಿಗೆ ಇಂದು ವಿಹಾರಾರ್ಥವಾಗಿ ಹೋಗುವವರು ಎಲ್ಲಕ್ಕಿಂತ ಹೆಚ್ಚಾಗಿ ಬಯಸುವುದೂ, ಎಲ್ಲಕ್ಕಿಂತ ಹೆಚ್ಚಿನ ಬೆಲೆ ತೆತ್ತು ಪಡೆಯುವುದೂ ಏಕಾಂತವನ್ನು. ಒಂದು ದ್ವೀಪಕ್ಕೆ ಒಂದೇ ರೆಸಾರ್ಟು. ಅದಕ್ಕೆ ಸೇರದ ಮನೆಯಾಗಲಿ ಅಂಗಡಿಯಾಗಲಿ ಆ ನೆಲದ ಮೇಲೆ ಇಲ್ಲ. ತೀರದ ಗುಂಟ ನಡೆಯತೊಡಗಿದರೆ ಎಷ್ಟೋ ದ್ವೀಪಗಳಲ್ಲಿ ಅರ್ಧ ಗಂಟೆಯೊಳಗಾಗಿ ಹೊರಟ ಸ್ಥಳಕ್ಕೇ ಬಂದು ಸೇರುತ್ತೇವೆ. ಗಿಡಮರಗಳ ಮರೆಯಲ್ಲಿ ಒಂದಕ್ಕೊಂದು ಕಾಣದಂತೆ ಕಟ್ಟಿದ ಬಿಡಾರಗಳಲ್ಲಿ ತಂಗಿದವನು ಬೆಳಗಿನಿಂದ ಬೈಗಿನವರೆಗೆ, ಊಟ ತಂದಿಡುವವನ ಹೊರತು ಮತ್ತೊಂದು ಮೋರೆಯನ್ನು ನೋಡದೆ ಕಾಲ ಕಳೆಯಬಲ್ಲನು. ಈ ಸುಖವನ್ನು ಅನುಭವಿಸಿದವರು ಅದನ್ನು ಪ್ರಕೃತಿಯ ವರವೆಂದೇ ಬಗೆಯುವುದು ಸಹಜ. ಆದರೆ ಆ ದ್ವೀಪಗಳ ಚರಿತ್ರೆಯನ್ನು ಓದುತ್ತ ಹೋದಂತೆ ನನಗೆ ದೃಢವಾಗಿ ತೋರಿದುದೇನೆಂದರೆ, ತನ್ನ ಜನದಿಂದ ಬೇರ್ಪಟ್ಟು ದೂರದ ದ್ವೀಪವೊಂದರಲ್ಲಿ ಇರುವುದನ್ನು ಆ ನಾಡಿನವರು ಶತಮಾನಗಳ ಕಾಲ ಶಿಕ್ಷೆಯೆಂದೇ ತಿಳಿದಿದ್ದರು. ಅದೇ ಸ್ಥಿತಿಯು ಪರದೇಶಿಯ ಪರಮಸುಖವಾಗಿ ಪರಿಣಮಿಸಿದ ಬಗೆಯನ್ನು ಅರಿಯದೆ ಅಲ್ಲಿ ತಂಗಿ ಬಂದವನು ಆ ನೆಲವನ್ನು ಅರ್ಧವಷ್ಟೇ ಕಂಡಂತಾಯಿತು.

ಸಾಗರಗರ್ಭದಲ್ಲಿ ಮುಳುಗಿರುವ ಪರ್ವತಶ್ರೇಣಿಯೊಂದರ ಮೇಲೆ ಹವಳದ ಜೀವಿಗಳು ಯುಗಯುಗಾಂತರಗಳಿಂದ ಕಟ್ಟುತ್ತ ಬಂದ ಉಂಗುರಾಕಾರದ ದಿಬ್ಬಗಳೇ ಈ ದೇಶ. ಅಟಾಲ್ ಎಂದು ಭೂಗೋಳಶಾಸ್ತ್ರಜ್ಞರು ಕರೆಯುವ ಇಂಥ ದ್ವೀಪವಲಯಗಳು ಇಲ್ಲಿ 26 ಇವೆ. ಅವುಗಳ ಅಂಚಿನಲ್ಲಿಯೂ ಒಡಲಿನಲ್ಲಿಯೂ ನೀರಿನಿಂದ ತಲೆಯೆತ್ತಿರುವ ದ್ವೀಪಗಳು ಸುಮಾರು 1,190. ಜನವಸತಿಯುಳ್ಳವು ಮಾತ್ರ ಇನ್ನೂರರ ಆಸುಪಾಸು. ದೇಶದ ಅತ್ಯುನ್ನತವಾದ ಸಹಜಭೂಮಿ ಸಮುದ್ರದ ಮಟ್ಟದಿಂದ ಎರಡೂವರೆ ಮೀಟರನ್ನೂ ಮುಟ್ಟುವುದಿಲ್ಲ. ಹೊಳೆಯಿಲ್ಲ, ಗುಡ್ಡವಿಲ್ಲ, ಉತ್ತು ಬಿತ್ತತಕ್ಕ ಹೊಲ ಅತ್ಯಲ್ಪ. ಮಳೆಯ ನೀರು ಮರಳಿನೊಳಗೆ ಇಂಗಿ ಉಪ್ಪುನೀರಿನ ಮೇಲೆ ತೆಳುವಾಗಿ ನಿಂತುದನ್ನು ಆಳವಿಲ್ಲದ ಬಾವಿ ತೋಡಿ ಸೇದಿಕೊಳ್ಳಬೇಕು. ಉಳಿದ ಸಾವಿರ ದ್ವೀಪಗಳಲ್ಲಿ ಜನವಿಲ್ಲವೆಂದ ಮಾತ್ರಕ್ಕೆ ಅವು ಒಡೆಯನಿಲ್ಲದ ನೆಲಗಳೆಂದು ತಿಳಿಯಬಾರದು. ಹಿಂದೆ ಅವು ಸುಲ್ತಾನನ ಸ್ವತ್ತಾಗಿದ್ದುವು. ಅವನ್ನು ಆತನು ತನ್ನ ಸರದಾರರಿಗೂ ಬಂಧುಗಳಿಗೂ ಗೇಣಿಗೆ ಕೊಡುತ್ತಿದ್ದನು. ನಮ್ಮ ದಕ್ಷಿಣ ಕನ್ನಡದ ಗೇಣಿದಾರನು ಧಣಿಗೆ ಭತ್ತದ ಮುಡಿಗಳನ್ನು ಅಳೆಯುತ್ತಿದ್ದಂತೆ, ಅಲ್ಲಿಯ ಗೇಣಿದಾರನು ತೆಂಗಿನಕಾಯಿಯನ್ನೂ ಬೆಲ್ಲವನ್ನೂ ಹಗ್ಗವನ್ನೂ ಮೀನನ್ನೂ ಒಪ್ಪಿಸುತ್ತಿದ್ದನು. ನೆರೆಯ ಊರ ದ್ವೀಪದವರು ದೋಣಿಯಲ್ಲಿ ಬಂದು ಕಾಯಿ ಕಿತ್ತು, ಒಣಗಿದ ಸೋಗೆಯನ್ನೂ ಸೌದೆಯನ್ನೂ ಒಟ್ಟುಮಾಡಿ, ಸಂಜೆಗೆ ಮರಳುತ್ತಿದ್ದರು. ಈ ಗೇಣಿಯ ಪದ್ಧತಿಯನ್ನು ನಾವು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಇಂದು ಕೋಟ್ಯಂತರ ಡಾಲರುಗಳ ಹರಾಜಿನಲ್ಲಿ ದ್ವೀಪಗಳು ಕೈಯಿಂದ ಕೈಗೆ ಹೋಗುವುದು ಅದರ ಮೇಲೆಯೇ ಬೆಳೆದು ಬಂದ ವ್ಯವಹಾರ.

ಇಷ್ಟು ಅಲ್ಪವಾದ ನೆಲವು ಲೋಕದಿಂದ ದೂರವಾಗಿ ಮರೆಯಲ್ಲಿ ಇದ್ದಿತೆಂಬುದೂ ಸರಿಯಲ್ಲ. ಅರಬ್ಬೀ ದೇಶಗಳಿಂದ ಸಿಂಹಳಕ್ಕೂ ಬಂಗಾಳಕ್ಕೂ ಹೋಗುವ ನಾವಿಕರ ದಾರಿಗೆ ಅಡ್ಡಲಾಗಿ ಮಲಗಿದ್ದ ಈ ದ್ವೀಪಗಳಲ್ಲಿ 12ನೆಯ ಶತಮಾನದವರೆಗೆ ಬೌದ್ಧಧರ್ಮವಿತ್ತು. 1153ರಲ್ಲಿ ದೊರೆಯು ಇಸ್ಲಾಮನ್ನು ಸ್ವೀಕರಿಸಿದನೆಂದು ಸಂಪ್ರದಾಯ. ಇಲ್ಲಿಯ ಕವಡೆ ಬಂಗಾಳದ ಸಂತೆಗಳಲ್ಲಿ ನಾಣ್ಯವಾಗಿ ಓಡಾಡಿತು. ಮುಂದೆ ಯೂರೋಪಿನ ವರ್ತಕರ ಹಡಗುಗಳಲ್ಲಿ ಪಶ್ಚಿಮ ಆಫ್ರಿಕಕ್ಕೆ ಹೋಗಿ, ಹೇಳಲು ನೋವಾಗುವ ಮಾತು, ಮನುಷ್ಯರನ್ನು ಕೊಳ್ಳುವುದಕ್ಕೂ ಬಳಕೆಯಾಯಿತು. ಸೋಗೆಗಳನ್ನು ಕಟ್ಟಿ ಕಡಲ ಹಿನ್ನೀರಿನಲ್ಲಿ ಇಳಿಬಿಟ್ಟರೆ ಕವಡೆಯ ಜೀವಿಗಳು ಬಂದು ಅವಕ್ಕೆ ಅಂಟಿಕೊಳ್ಳುವುವು. ಅವನ್ನು ಬಿಡಿಸಿ ಮರಳಿನಲ್ಲಿ ಹೂತು, ಮಾಂಸವು ಕೊಳೆತ ಮೇಲೆ ಚಿಪ್ಪನ್ನು ತೊಳೆದು ತೆಗೆಯುತ್ತಿದ್ದರು. ಕವಡೆಯಷ್ಟೇ ಹೆಸರುವಾಸಿಯಾದುದು ಇಲ್ಲಿಯ ತೆಂಗಿನ ನಾರಿನ ಹಗ್ಗ. ಕಬ್ಬಿಣದ ಮೊಳೆಯಿಲ್ಲದೆ ಹಲಗೆಗಳನ್ನು ಹೊಲಿದು ಕಟ್ಟುತ್ತಿದ್ದ ಅಂದಿನ ಹಡಗುಗಳಿಗೆ, ಯೆಮೆನ್ ದೇಶದವಾಗಲಿ ಭಾರತದವಾಗಲಿ, ಈ ಹಗ್ಗ ಬೇಕೇ ಬೇಕಾಗಿತ್ತು.

ಹೀಗೆ ಬಂದುಹೋಗುವ ನಾವಿಕರನ್ನು ದ್ವೀಪದವರು ಎದುರುಗೊಳ್ಳುತ್ತಿದ್ದ ಕ್ರಮವನ್ನು ನಮಗೆ ವಿವರವಾಗಿ ತಿಳಿಸುವವನು ಇಬ್ನ್ ಬತೂತ. ಮೊರಾಕ್ಕೊ ದೇಶದ ಈ ಮಹಾಪ್ರವಾಸಿಯು ದೆಹಲಿಯ ಮುಹಮ್ಮದ್ ತುಘಲಕನ ರಾಯಭಾರಿಯಾಗಿ ಚೀನಕ್ಕೆ ಹೊರಟು, ಕಲ್ಲಿಕೋಟೆಯಲ್ಲಿ ಬಿರುಗಾಳಿಗೆ ಸಿಕ್ಕಿ ಹಡಗನ್ನೂ ಉಡುಗೊರೆಗಳನ್ನೂ ಕಳೆದುಕೊಂಡು, ಬರಿಗೈಯಲ್ಲಿ ನಮ್ಮ ಹೊನ್ನಾವರಕ್ಕೆ ಬಂದವನು. ಅಲ್ಲಿಯ ಸುಲ್ತಾನ ಜಮಾಲುದ್ದೀನನ ಆಶ್ರಯದಲ್ಲಿ ಆತನು ಕೆಲವು ಕಾಲ ಇದ್ದುದೂ, ಆ ಊರಿನಲ್ಲಿ ಹೆಣ್ಣುಮಕ್ಕಳಿಗೆ 13 ಪಾಠಶಾಲೆಗಳನ್ನು ಕಂಡೆನೆಂದು ಬರೆದುದೂ, ಗೋವೆಯ ಮೇಲಣ ದಂಡಯಾತ್ರೆಯಲ್ಲಿ ಭಾಗವಹಿಸಿದುದೂ ನಮ್ಮ ಕರಾವಳಿಯ ಚರಿತ್ರೆಯನ್ನು ಓದಿದವರಿಗೆ ತಿಳಿದ ಸಂಗತಿ. 1343ರಲ್ಲಿ ಆತನು ಕಲ್ಲಿಕೋಟೆಯಿಂದ ಹತ್ತು ದಿನಗಳ ಪಯಣ ಮಾಡಿ ಮಾಲ್ಡೀವ್ಸ್ ತಲುಪಿದನು.

ಹಡಗೊಂದು ಕಣ್ಣಿಗೆ ಬಿದ್ದೊಡನೆ ದ್ವೀಪದ ಜನರು ಸಣ್ಣ ದೋಣಿಗಳಲ್ಲಿ ವೀಳೆಯವನ್ನೂ ಎಳನೀರಿನ ಬೊಂಡವನ್ನೂ ಇಟ್ಟುಕೊಂಡು ಎದುರಾಗಿ ಬರುತ್ತಿದ್ದರೆಂದೂ, ಹಡಗಿನಲ್ಲಿದ್ದವರಲ್ಲಿ ತನಗೆ ಮೆಚ್ಚಿಕೆಯಾದವನೊಬ್ಬನ ಕೈಗೆ ಅವನ್ನು ಕೊಟ್ಟರೆ ಅವನು ಕೊಟ್ಟವನ ಅತಿಥಿಯಾದನೆಂಬ ಕಟ್ಟಳೆಯಿತ್ತೆಂದೂ, ಆಮೇಲೆ ಅವನ ಗಂಟುಮೂಟೆಗಳನ್ನು ಹತ್ತಿರದ ನಂಟನದೋ ಎಂಬಂತೆ ಮನೆಗೆ ಹೊತ್ತುಕೊಂಡು ಹೋಗುತ್ತಿದ್ದರೆಂದೂ ಇಬ್ನ್ ಬತೂತ ಹೇಳುತ್ತಾನೆ. ಬಂದವನು ಬಯಸಿದರೆ ಅಲ್ಲಿಯೇ ಮದುವೆಯಾಗಬಹುದು. ಹಡಗು ಹೊರಡುವಾಗ ವಿಚ್ಛೇದ ಕೊಟ್ಟು ಹೋಗಬೇಕು, ಏಕೆಂದರೆ ಅಲ್ಲಿಯ ಸ್ತ್ರೀಯರು ದೇಶ ಬಿಟ್ಟು ಹೋಗುವವರಲ್ಲ. ಅತಿಥಿಯು ಊರ ನಡುವೆ, ಮನೆಯ ಒಳಗೆ, ಮನೆಯವರ ಪಂಕ್ತಿಯಲ್ಲಿ ಇರುತ್ತಿದ್ದನು. ಮಾಲ್ಡೀವ್ಸಿನ ಆತಿಥ್ಯದ ಮೊದಲ ರೂಪವು ಇದು; ಇಂದಿನ ರೂಪಕ್ಕೆ ಇದರಷ್ಟು ದೂರವಾದುದು ಇನ್ನೊಂದಿಲ್ಲ.

ಆ ಆತಿಥ್ಯಕ್ಕೆ ಇನ್ನೊಂದು ಮುಖವೂ ಇತ್ತು. ವಿದ್ವಾಂಸನೆಂದು ತಿಳಿದೊಡನೆ ಇಬ್ನ್ ಬತೂತನನ್ನು ರಾಜಧಾನಿಯಾದ ಮಾಲೆಯಲ್ಲಿ ಉಳಿಸಿಕೊಂಡು ಕಾಜಿಯ ಪದವಿಗೇರಿಸಿದರು. ಆಗ ಅಲ್ಲಿ ಖದೀಜಾ ಎಂಬ ರಾಣಿಯ ಆಳ್ವಿಕೆ. ಅಧಿಕಾರವೆಲ್ಲ ಆಕೆಯ ಪತಿಯಾದ ವಜೀರನ ಕೈಯಲ್ಲಿತ್ತು. ಕಾಜಿಯಾದ ಇಬ್ನ್ ಬತೂತನು ಶುಕ್ರವಾರದ ಪ್ರಾರ್ಥನೆಗೆ ಬಾರದವರನ್ನು ದಂಡಿಸಿದನು. ಸೊಂಟದ ಮೇಲೆ ಬಟ್ಟೆ ಹೊದೆಯದ ಸ್ತ್ರೀಯರಿಗೆ ಮೈ ಮುಚ್ಚಿಕೊಳ್ಳುವಂತೆ ಆಜ್ಞೆ ಮಾಡಿ, ತನ್ನ ನ್ಯಾಯಸ್ಥಾನದ ಹೊರಗೆ ಅದನ್ನು ನಡೆಸಲಾರದೆ ಸೋತನು. ಗಣ್ಯಕುಟುಂಬಗಳಲ್ಲಿ ಮದುವೆಗಳಾಗಿ ಪ್ರಬಲನಾದನು. ಪ್ರಬಲನಾದಂತೆ ವಜೀರನ ಸಂಶಯಕ್ಕೂ ಗುರಿಯಾದನು. ಬರುವುದು ಸುಲಭವಾಗಿದ್ದ ಆ ದೇಶದಿಂದ ಹೊರಡುವುದು ಅಷ್ಟು ಸುಲಭವಾಗಲಿಲ್ಲ. ಕೊನೆಗೆ 1344ರಲ್ಲಿ ದಕ್ಷಿಣದ ಮುಲೂಕ್ ದ್ವೀಪದ ದಾರಿ ಹಿಡಿದು ಹೊರಟಾಗ, ನಡುವೆ ಒಂದು ಪುಟ್ಟ ದ್ವೀಪವನ್ನು ಕಂಡನು. ಅಲ್ಲಿ ಇದ್ದುದು ಒಂದೇ ಮನೆ. ಮನೆಯಲ್ಲಿ ಒಬ್ಬ ನೇಕಾರ, ಅವನ ಹೆಂಡತಿ, ಮಕ್ಕಳು. ಕೆಲವು ತೆಂಗಿನ ಮರಗಳು, ಕೆಲವು ಬಾಳೆಯ ಗಿಡಗಳು, ಮೀನು ಹಿಡಿಯಲು ಒಂದು ದೋಣಿ. ಹಕ್ಕಿಯೆಂದರೆ ಹಡಗಿನ ಮೇಲೆ ಸುತ್ತುತ್ತ ಬಂದ ಎರಡು ಕಾಗೆಗಳು. ದೊರೆಗಳ ಸಭೆಗಳಲ್ಲಿ ಬಾಳಿದ, ಅರ್ಧ ಜಗತ್ತನ್ನು ಮೆಟ್ಟಿ ಬಂದ ಆ ಮನುಷ್ಯನು ಆ ನೇಕಾರನನ್ನು ಕಂಡು ಅಸೂಯೆಪಟ್ಟನು. ಈ ದ್ವೀಪ ನನ್ನದಾಗಿದ್ದರೆ ಸಾಯುವ ತನಕ ಇಲ್ಲಿಯೇ ಇದ್ದುಬಿಡುತ್ತಿದ್ದೆನಲ್ಲ ಎಂದು ಹಂಬಲಿಸಿದನು. ಆರುನೂರು ವರ್ಷಗಳ ಮೇಲೆ ವಿಮಾನಗಳಲ್ಲಿ ಬಂದಿಳಿದ ಲಕ್ಷಾಂತರ ಜನರ ಬಯಕೆಯು ಇಷ್ಟು ಸ್ಪಷ್ಟವಾಗಿ ಇಷ್ಟು ಮೊದಲೇ ನುಡಿಯಲ್ಪಟ್ಟಿರುವುದನ್ನು ಓದಿದಾಗ ನಾನು ಪುಸ್ತಕವನ್ನು ಮುಚ್ಚಿಟ್ಟು ಬಹಳ ಹೊತ್ತು ಯೋಚಿಸಿದ್ದುಂಟು. ಅಧಿಕಾರದ ಜಂಜಡದಲ್ಲಿ ಬೆಂದು, ಬಿಡುಗಡೆಯನ್ನು ಬೇಡುತ್ತಿದ್ದ ಪರದೇಶಿಯ ಕಣ್ಣಿಗೆ ಮಾತ್ರ ಆ ದ್ವೀಪ ಹಾಗೆ ಕಂಡಿತು. ನೇಕಾರನು ತನ್ನ ದ್ವೀಪದ ವಿಷಯವಾಗಿ ಏನೆಂದುಕೊಂಡಿದ್ದನೆಂಬುದನ್ನು ಬರೆದಿಟ್ಟವರಿಲ್ಲ.

ಇಷ್ಟವಿಲ್ಲದ ಅತಿಥಿಯ ಕಥೆಯು ಇನ್ನೊಬ್ಬನ ಬರಹದಿಂದ ದೊರೆಯುತ್ತದೆ. 1602ರ ಜುಲೈ 2ರಂದು ಕೊರ್ಬಿನ್ ಎಂಬ ಫ್ರೆಂಚ್ ಹಡಗು ಇಂದು ಬಾ ಎಂದು ಕರೆಯುವ ಆಡಳಿತಭಾಗಕ್ಕೆ ಸೇರಿದ ಗೊಯ್ಧೂ ವಲಯದ ಹವಳದ ಬಂಡೆಗಳಿಗೆ ಬಡಿದು ಒಡೆಯಿತು. ಬದುಕಿ ದಡ ಸೇರಿದವರಲ್ಲಿ ಫ್ರಾನ್ಸ್ವಾ ಪಿರಾರ್ ಒಬ್ಬನು. ಒಡೆದ ಹಡಗೂ ಅದರ ಸರಕೂ ಸುಲ್ತಾನನಿಗೆ ಸೇರತಕ್ಕವೆಂಬುದು ಅಲ್ಲಿಯ ಶಾಸನ. ಸಂಗಡಿಗರಲ್ಲಿ ಬಹುಮಂದಿ ಜ್ವರಕ್ಕೆ ಬಲಿಯಾದರು. ಪಿರಾರನು ಅಲ್ಲಿಯ ಭಾಷೆಯನ್ನು ಕಲಿತು ಅರಮನೆಯ ಪ್ರೀತಿಗೆ ಪಾತ್ರನಾದನಾದರೂ ದೇಶವನ್ನು ಬಿಡುವ ಸ್ವಾತಂತ್ರ್ಯ ಅವನಿಗಿರಲಿಲ್ಲ. 1607ರಲ್ಲಿ ಬಂಗಾಳದಿಂದ ಬಂದ ನೌಕಾಪಡೆಯೊಂದು ಮಾಲೆಯನ್ನು ಸೂರೆಗೊಂಡು ಸುಲ್ತಾನನನ್ನು ಕೊಂದ ಮೇಲೆಯೇ ಅವನಿಗೆ ಬಿಡುಗಡೆಯಾದುದು. 1611ರಲ್ಲಿ ಫ್ರಾನ್ಸನ್ನು ಸೇರಿದ ಬಳಿಕ ಅವನು ಪ್ರಕಟಿಸಿದ ವೃತ್ತಾಂತವು ಆ ಕಾಲದ ಮಾಲ್ಡೀವ್ಸಿನ ಊಟ, ಉಡುಪು, ಹಬ್ಬ, ನ್ಯಾಯ, ಕಸುಬು ಎಲ್ಲವನ್ನೂ ನಮ್ಮ ಕಣ್ಣ ಮುಂದೆ ತಂದು ನಿಲ್ಲಿಸುತ್ತದೆ. ಆ ಜ್ವರವು, ಎಂದರೆ ಮಲೇರಿಯವು, 20ನೆಯ ಶತಮಾನದವರೆಗೂ ಪರದೇಶಿಗಳನ್ನು ದ್ವೀಪಗಳಿಂದ ದೂರವಿಟ್ಟಿತು. 1984ರ ಮೇಲೆ ಅಲ್ಲಿಯೇ ಹುಟ್ಟಿದ ಮಲೇರಿಯದ ಪ್ರಕರಣ ಕಾಣಲಿಲ್ಲ; 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ದೇಶವನ್ನು ಮಲೇರಿಯಮುಕ್ತವೆಂದು ಸಾರಿತು. ಮರಳಿನ ಮೇಲೆ ನಿಶ್ಚಿಂತೆಯಿಂದ ಮಲಗುವ ಇಂದಿನ ಅತಿಥಿಯು ತನ್ನ ಸುಖಕ್ಕಾಗಿ ಮೊದಲು ವಂದಿಸಬೇಕಾದುದು ಊರೂರಿಗೆ ದೋಣಿಯಲ್ಲಿ ಹೋಗಿ ಸೊಳ್ಳೆಯೊಡನೆ ಹೋರಾಡಿದ ಆರೋಗ್ಯ ಇಲಾಖೆಯ ಕೆಲಸಗಾರರನ್ನು.

ದೇಶದ ಪ್ರಜೆಗಳಿಗೋ ದೂರದ ದ್ವೀಪವು ಮತ್ತೊಂದು ಅರ್ಥದಲ್ಲಿ ಭಯಂಕರವಾಗಿತ್ತು. ಅಲ್ಲಿ ಕಲ್ಲಿನ ಸೆರೆಮನೆಗಳನ್ನು ಕಟ್ಟುವ ಅವಶ್ಯಕತೆಯೇ ಇರಲಿಲ್ಲ. ಕಳ್ಳತನಕ್ಕೂ ವ್ಯಭಿಚಾರಕ್ಕೂ ರಾಜದ್ರೋಹಕ್ಕೂ ವಿಧಿಸುತ್ತಿದ್ದ ಶಿಕ್ಷೆಗಳಲ್ಲಿ ಗಡೀಪಾರು ಬಹು ಪ್ರಚಲಿತವಾದುದು: ಅಪರಾಧಿಯನ್ನು ದೋಣಿ ಹತ್ತಿಸಿ ತನ್ನ ಮನೆ, ಮಡದಿ, ಕಸುಬುಗಳಿಂದ ದೂರವಾದ ದ್ವೀಪವೊಂದಕ್ಕೆ ಅಟ್ಟಿಬಿಡುವುದು. ಸಾಮಾನ್ಯ ಅಪರಾಧಿಯನ್ನು ಬಹುಮಟ್ಟಿಗೆ ಜನರಿರುವ ದ್ವೀಪಕ್ಕೇ ಕಳುಹಿಸುತ್ತಿದ್ದರು. ಅವನು ಅಲ್ಲಿಯವರ ನಡುವೆ ಪರಕೀಯನಾಗಿ, ಸಿಕ್ಕ ಕೂಲಿಯನ್ನು ಮಾಡಿಕೊಂಡು ಅವಧಿಯನ್ನು ಕಳೆಯಬೇಕು. ಆಳುವವರು ನಿಜವಾಗಿ ಅಂಜುತ್ತಿದ್ದ ವ್ಯಕ್ತಿಗಳಿಗೆ ಮಾತ್ರ ಜನವಿಲ್ಲದ ದ್ವೀಪವು ಮೀಸಲಾಗಿತ್ತು. ನಾಲ್ಕು ಕಡೆಯೂ ತೆರೆದಿದ್ದು ಎಲ್ಲಿಯೂ ಬಾಗಿಲಿಲ್ಲದ ಇಂಥ ಸೆರೆಯ ಪದ್ಧತಿ ಸುಲ್ತಾನರ ಕಾಲಕ್ಕೆ ಮುಗಿಯಲಿಲ್ಲ. ಗಣರಾಜ್ಯದ ಕಾಲದಲ್ಲಿಯೂ ನಡೆದುಬಂದಿತು.

ಈ ಮಾತಿಗೆ ಮೊಹಮ್ಮದ್ ಅಮೀನ್ ದೀದಿಯ ಅಂತ್ಯಕ್ಕಿಂತ ದಾರುಣವಾದ ನಿದರ್ಶನವು ಬೇಡ. ಕೊಲಂಬೊ ಮತ್ತು ಅಲಿಗಢಗಳಲ್ಲಿ ವ್ಯಾಸಂಗ ಮಾಡಿದ, ಹೆಣ್ಣುಮಕ್ಕಳ ವಿದ್ಯಾಭ್ಯಾಸಕ್ಕಾಗಿ ಶ್ರಮಿಸಿದ, ಕವಿಯೂ ಆಗಿದ್ದ ಈತನು ಸುಲ್ತಾನರ ಆಳ್ವಿಕೆಯನ್ನು ಕೊನೆಗಾಣಿಸಿ 1953ರ ಜನವರಿ 1ರಂದು ಮಾಲ್ಡೀವ್ಸಿನ ಮೊದಲ ರಾಷ್ಟ್ರಾಧ್ಯಕ್ಷನಾದನು. ಆಹಾರದ ಅಭಾವವೂ, ತಂಬಾಕಿನ ಮೇಲೆ ಆತನು ಹೇರಿದ ನಿಷೇಧವೂ ಜನರನ್ನು ಕೆರಳಿಸಿದುವು. ಅದೇ ವರ್ಷದ ಆಗಸ್ಟಿನಲ್ಲಿ, ಚಿಕಿತ್ಸೆಗಾಗಿ ಸಿಂಹಳಕ್ಕೆ ಹೋಗಿದ್ದಾಗ, ಪದಚ್ಯುತನಾದನು. ಮರಳಿ ಬಂದ ಮೇಲೆ ಮಾಲೆಯ ಬಳಿಯ ದ್ವೀಪದಲ್ಲಿ ಸೆರೆಯಾದನು. ವರ್ಷದ ಕೊನೆಯ ದಿನ ಅಧಿಕಾರವನ್ನು ಮರಳಿ ಹಿಡಿಯಲು ಯತ್ನಿಸಿ ಉದ್ರಿಕ್ತರಾದ ಜನರ ಹೊಡೆತಕ್ಕೆ ಸಿಕ್ಕಿ ಜರ್ಜರಿತನಾದನು. ಕಡೆಗೆ 1954ರ ಜನವರಿ 19ರಂದು, ತೆಂಗಿನ ತೋಪಲ್ಲದೆ ಮತ್ತೇನೂ ಇಲ್ಲದ ವಿಹಮನಾಫುಶಿ ಎಂಬ ದ್ವೀಪದಲ್ಲಿ ಪ್ರಾಣ ಬಿಟ್ಟನು. ಆತನನ್ನು ಅಲ್ಲಿಯೇ ಮಣ್ಣುಮಾಡಿದರು. ಗಣರಾಜ್ಯವು ಕುಸಿದು ಸುಲ್ತಾನರು ಮರಳಿ ಬಂದರು. ಎರಡನೆಯ ಗಣರಾಜ್ಯ ಸ್ಥಾಪನೆಯಾಗಲು 1968ರ ವರೆಗೆ ಕಾಯಬೇಕಾಯಿತು.

ಮಾಲ್ಡೀವ್ಸಿನ ಪ್ರಪ್ರಥಮ ರೆಸಾರ್ಟು ಹುಟ್ಟಿದುದು ಇದೇ ವಿಹಮನಾಫುಶಿಯಲ್ಲಿ.

1970ರ ಸುಮಾರಿಗೆ ದೇಶದ ಸ್ಥಿತಿ ಅತ್ಯಂತ ಕಷ್ಟದ್ದಾಗಿತ್ತು. ಬ್ರಿಟಿಷರ ರಕ್ಷಣಾಧಿಪತ್ಯ 1965ರ ಜುಲೈ 26ರಂದು ಮುಗಿದಿತ್ತು. ಬೇಯಿಸಿ, ಹೊಗೆಯಲ್ಲಿಟ್ಟು, ಬಿಸಿಲಿಗೆ ಒಣಗಿಸಿ ಮರದಂತೆ ಗಟ್ಟಿಮಾಡಿದ ಮೀನೊಂದೇ ಹೆಚ್ಚುಕಡಮೆ ದೇಶದ ರಫ್ತು. ಸಿಂಹಳವೊಂದೇ ಅದನ್ನು ಕೊಳ್ಳುವ ದೇಶ. ಅದೂ ಆಮದನ್ನು ಬಿಗಿಹಿಡಿಯತೊಡಗಿದಾಗ ಮುಂದಿನ ದಾರಿ ಕಾಣದಾಯಿತು. ಬ್ಯಾಂಕು ಇರಲಿಲ್ಲ; ಮಾಲೆಯಲ್ಲಿ ಭಾರತೀಯ ಸ್ಟೇಟ್ ಬ್ಯಾಂಕಿನ ಶಾಖೆ ತೆರೆದುದೇ 1974ರಲ್ಲಿ. ಹುಲುಲೆ ದ್ವೀಪದಲ್ಲಿ ಸಣ್ಣದೊಂದು ವಿಮಾನದ ಓಟದ ಪಥವಿತ್ತು. ನಿಯತವಾಗಿ ಬರುವ ವಿಮಾನವಿರಲಿಲ್ಲ. ಇಂಥ ದೇಶಕ್ಕೆ ಪ್ರವಾಸೋದ್ಯಮ ಒಗ್ಗದೆಂಬುದೇ ತಜ್ಞರ ಅಭಿಪ್ರಾಯವಾಗಿತ್ತೆಂದು ಆ ಕಾಲದವರು ನೆನೆಯುತ್ತಾರೆ.

1971ರಲ್ಲಿ ಜಾರ್ಜ್ ಕೊರ್ಬಿನ್ ಎಂಬ ಇಟಲಿಯ ಪ್ರವಾಸವ್ಯವಸ್ಥಾಪಕನು, ಯಾರೂ ಮುಟ್ಟದ ದ್ವೀಪಗಳನ್ನು ಹುಡುಕುತ್ತ ಕೊಲಂಬೊವಿಗೆ ಬಂದವನು, ಅಲ್ಲಿಯ ಮಾಲ್ಡೀವ್ಸ್ ರಾಯಭಾರದ ಕಚೇರಿಯಲ್ಲಿದ್ದ ಅಹಮದ್ ನಸೀಮ್ ಎಂಬ ತರುಣನನ್ನು ಕಂಡನು; ಸರಕಿನ ಹಡಗೊಂದನ್ನು ಹತ್ತಿ ಮಾಲೆಗೆ ಬಂದು, ಸುತ್ತಣ ದ್ವೀಪಗಳನ್ನು ನೋಡಿ ಮಾರುಹೋದನು. ಮುನ್ನೂರ ಎಪ್ಪತ್ತು ವರ್ಷಗಳ ಹಿಂದೆ ಒಡೆದ ಹಡಗಿನ ಹೆಸರನ್ನೇ ಹೊತ್ತವನೊಬ್ಬನು ಈ ಹೊಸ ಅಧ್ಯಾಯವನ್ನು ತೆರೆದುದು ಕಾಕತಾಳೀಯವೇ ಆದರೂ ಚರಿತ್ರೆಯ ಓದುಗನ ಗಮನಕ್ಕೆ ಬಾರದಿರದು. 1972ರ ಫೆಬ್ರವರಿಯಲ್ಲಿ ಆತನು 22 ಮಂದಿ ಇಟಲಿಯವರನ್ನು, ಅವರಲ್ಲಿ ಬಹುಮಂದಿ ಪತ್ರಕರ್ತರೂ ಛಾಯಾಗ್ರಾಹಕರೂ, ಕರೆತಂದನು. ತಂಗಲು ಹೋಟೆಲಿರಲಿಲ್ಲವಾಗಿ ಅವರು ಮಾಲೆಯ ಮನೆಗಳಲ್ಲಿ ಉಳಿದರು. ಎಂದರೆ, ಈ ಉದ್ಯಮದ ಮೊದಲ ಅತಿಥಿಗಳು ಹಳೆಯ ಕಟ್ಟಳೆಯಂತೆ ಊರೊಳಗೇ ಇದ್ದರು. ಹಗಲು ಮೀನು ಹಿಡಿದು, ಈಜಿ, ಬಿಸಿಲು ಕಾಯಿಸಿಕೊಂಡು ಸಂತುಷ್ಟರಾಗಿ ಹೋದರು.

ನಸೀಮ್, ಮೊಹಮ್ಮದ್ ಉಮರ್ ಮಣಿಕು, ಹುಸೇನ್ ಅಫೀಫ್ ಎಂಬ ತರುಣರು ಅಷ್ಟಕ್ಕೆ ಸುಮ್ಮನಿರಲಿಲ್ಲ. ಹಣವೂ ಅನುಭವವೂ ಇಲ್ಲದಿದ್ದ ಅವರು ವಿಹಮನಾಫುಶಿಯಲ್ಲಿ ಕೈಗೆ ಸಿಕ್ಕ ಸಾಮಗ್ರಿಯಿಂದಲೇ ಕಟ್ಟಿದರು: ಹವಳದ ಕಲ್ಲಿನ ಗೋಡೆ, ತೆಂಗಿನ ಗರಿಯ ಮಾಡು, ಸ್ನಾನಕ್ಕೆ ಬಾವಿಯ ಸವಳುನೀರು. ಇಂಥ 30 ಕೋಣೆಗಳ ಬಿಡಾರವು 1972ರ ಅಕ್ಟೋಬರ್ 3ರಂದು ಕುರುಂಬಾ ವಿಲೇಜ್ ಎಂಬ ಹೆಸರಿನಿಂದ ತೆರೆಯಿತು. ಕುರುಂಬಾ ಎಂದರೆ ಎಳನೀರಿನ ಬೊಂಡ. ಹಿಂದೆಯೇ ಬಂಡೋಸ್ ದ್ವೀಪದಲ್ಲಿ ಎರಡನೆಯದು ಎದ್ದಿತು. ಆ ವರ್ಷ ದೇಶಕ್ಕೆ ಬಂದ ಪ್ರವಾಸಿಗಳು ಸಾವಿರಕ್ಕೆ ತುಸು ಮೇಲ್ಪಟ್ಟವರು. 2024ರಲ್ಲಿ ಬಂದವರು 20 ಲಕ್ಷವನ್ನು ಮೀರಿದರು. ಆ ತರುಣರ ಧೈರ್ಯವನ್ನು ನಾನು ಮನಸಾರೆ ಮೆಚ್ಚುತ್ತೇನೆ. ಪರದೇಶದ ಬಂಡವಾಳಗಾರನೊಬ್ಬನು ಬಂದು ಕಟ್ಟಿಕೊಟ್ಟುದಲ್ಲ ಇದು. ತಮ್ಮ ನೆಲದ ಕಲ್ಲು, ಗರಿ, ದೋಣಿ, ಮೀನುಗಳನ್ನು ಬಲ್ಲವರು ಅವುಗಳಿಂದಲೇ ಜೀವನೋಪಾಯವನ್ನು ಕಂಡುಕೊಂಡ ಸಾಹಸ.

ಆಮೇಲಿನ ದಶಕದಲ್ಲಿ ಸರಕಾರವು ಈ ಉದ್ಯಮಕ್ಕೆ ಒಂದು ಶಿಸ್ತನ್ನು ತಂದಿತು. ಜನವಿಲ್ಲದ ದ್ವೀಪಗಳನ್ನು ಮಾತ್ರ ಗುತ್ತಿಗೆ ಕೊಡುವುದು. ಒಂದು ದ್ವೀಪದಲ್ಲಿ ಒಂದೇ ರೆಸಾರ್ಟು. ಕಟ್ಟಡಗಳು ಮರಗಳ ತಲೆಗಿಂತ ಎತ್ತರವಾಗಬಾರದು. ದ್ವೀಪದ ನೆಲದಲ್ಲಿ ಶೇಕಡ 20ಕ್ಕಿಂತ ಹೆಚ್ಚು ಭಾಗದಲ್ಲಿ ಕಟ್ಟಬಾರದು. ಇವು ವಿವೇಕದ ನಿಯಮಗಳೆಂಬುದರಲ್ಲಿ ಸಂದೇಹವಿಲ್ಲ; ಎಷ್ಟೋ ದೇಶಗಳ ಕಡಲತೀರಗಳು ಹೋಟೆಲುಗಳ ಗೋಡೆಯ ಹಿಂದೆ ಮರೆಯಾದುದನ್ನು ನೋಡಿದವರು ಇವನ್ನು ಗೌರವಿಸದೆ ಇರಲಾರರು. ಆದರೆ ಇವುಗಳೊಡನೆ ಇನ್ನೊಂದು ನಿಯಮವೂ ಸೇರಿತು: ಪರದೇಶದ ಪ್ರವಾಸಿಯು ಜನವಸತಿಯ ದ್ವೀಪಗಳಲ್ಲಿ ತಂಗಕೂಡದು. ಮದ್ಯವೂ ಹಂದಿಯ ಮಾಂಸವೂ ಅರೆಬೆತ್ತಲೆಯ ಉಡುಪೂ ರೆಸಾರ್ಟಿನ ದ್ವೀಪದಲ್ಲಿ ಸಲ್ಲುವುವು, ಊರಿನ ದ್ವೀಪದಲ್ಲಿ ನಿಷಿದ್ಧ. ಸಣ್ಣದೊಂದು ಮುಸ್ಲಿಂ ಸಮಾಜವು ತನ್ನ ಆಚಾರವನ್ನು ಕಾಪಾಡಿಕೊಳ್ಳಲು ಹೂಡಿದ ಉಪಾಯವಿದು; ಅದನ್ನು ಹಗುರವಾಗಿ ಕಾಣಲಾಗದು. ಆದರೂ ಅದರ ಫಲವಾಗಿ, ಹಡಗಿಗೆ ಎದುರಾಗಿ ವೀಳೆಯವನ್ನು ತಂದು ಪರದೇಶಿಯನ್ನು ಮನೆಗೆ ಕರೆದೊಯ್ದ ಜನರ ವಂಶಜರು, ಸಮವಸ್ತ್ರ ಧರಿಸಿ ಕೆಲಸಕ್ಕೆ ಬಂದರಲ್ಲದೆ ಅತಿಥಿಯ ಮುಖವನ್ನು ಕಾಣದಂತಾದರು. ಅಂಥ ಕೆಲಸಕ್ಕೆ ಬಂದವರೂ ಬಹುಪಾಲು ಗಂಡಸರು. ಹೆಂಗಸರನ್ನು ಮನೆಯವರು ಆ ದ್ವೀಪಗಳಿಗೆ ಕಳುಹಿಸಲಿಲ್ಲ. ಉಳಿದ ಕೆಲಸಕ್ಕೆ ಬಾಂಗ್ಲಾದೇಶದಿಂದಲೂ ಸಿಂಹಳದಿಂದಲೂ ಭಾರತದಿಂದಲೂ ಜನ ಬಂದರು. ತಿಂಗಳುಗಟ್ಟಲೆ ಮನೆಯವರನ್ನು ಬಿಟ್ಟು ದ್ವೀಪದ ಒಂದು ಮೂಲೆಯ ಬಿಡಾರದಲ್ಲಿರುವ ಈ ಕೆಲಸಗಾರರ ಏಕಾಂತಕ್ಕೂ, ಅದೇ ದ್ವೀಪದ ಇನ್ನೊಂದು ಅಂಚಿನಲ್ಲಿರುವ ಅತಿಥಿಯ ಏಕಾಂತಕ್ಕೂ ಇರುವ ಅಂತರ ಬಹು ದೊಡ್ಡದು.

1981ರ ನವೆಂಬರ್ 11ರಂದು ಹುಲುಲೆಯಲ್ಲಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದ ಉದ್ಘಾಟನೆಯಾಯಿತು. 1990ರ ದಶಕದಲ್ಲಿ ನೀರಿನ ಮೇಲೆ ಇಳಿಯುವ ವಿಮಾನಗಳು ಬಂದ ಮೇಲೆ ದೂರದ ವಲಯಗಳೂ ಹತ್ತಿರವಾದುವು. ಅಲ್ಲಿಂದ ಮುಂದಿನದು ವೈಭವದ ಕಥೆ. 1995ರಲ್ಲಿ ಬಾ ವಲಯದ ಕುನ್ಫುನಾಧೂ ದ್ವೀಪದಲ್ಲಿ ಭಾರತೀಯ ಮೂಲದ ಸೋನು ಶಿವದಾಸಾನಿ ಮತ್ತು ಆತನ ಸ್ವೀಡನ್ ದೇಶದ ಪತ್ನಿ ಈವಾ ತೆರೆದ ಸೋನೆವಾ ಫುಶಿಯಲ್ಲಿ, ಬಂದವರ ಪಾದರಕ್ಷೆಗಳನ್ನು ದೋಣಿಯಲ್ಲಿಯೇ ತೆಗೆಸಿಡುವ ಪದ್ಧತಿಯನ್ನಿಟ್ಟರು. ಮುಳುಗಿದ ಹಡಗಿನವರು ಅನಿವಾರ್ಯವಾಗಿ ಅನುಭವಿಸುತ್ತಿದ್ದ ಸರಳತೆಯು ಅತ್ಯಂತ ದುಬಾರಿಯಾದ ಭೋಗವಾಗಿ ಮಾರ್ಪಟ್ಟುದು ಆಗ. ನೀರಿನ ಮೇಲೆ ಕಂಬ ನೆಟ್ಟು ಕಟ್ಟುವ ಬಿಡಾರಗಳು, ಇಂದು ಮಾಲ್ಡೀವ್ಸ್ ಎಂದೊಡನೆ ಕಣ್ಣ ಮುಂದೆ ಬರುವ ಚಿತ್ರ, ಈ ದೇಶದ ಕಲ್ಪನೆಯಲ್ಲ. ಪ್ರಶಾಂತಸಾಗರದ ಫ್ರೆಂಚ್ ಪಾಲಿನೇಷ್ಯದ ರಾಯಾಟೆಯ ದ್ವೀಪದಲ್ಲಿ ಮರಳಿನ ತೀರವಿಲ್ಲದ ಕೊರತೆಯನ್ನು ನೀಗಲು ಮೂವರು ಅಮೆರಿಕನರು 1967ರಲ್ಲಿ ಕಂಡುಕೊಂಡ ಉಪಾಯವದು. ಮರಳಿಗೆ ಬರವಿಲ್ಲದ ನಾಡಿಗೆ ಅದು ಬಂದುದು ಇನ್ನಷ್ಟು ಏಕಾಂತದ ಬಯಕೆಯಿಂದ: ದ್ವೀಪದ ನೆಲದ ಮೇಲೆ ಇರುವ ಇತರ ಅತಿಥಿಗಳಿಂದಲೂ ದೂರವಿರಬೇಕೆಂಬ ಬಯಕೆಯಿಂದ. 2005ರಲ್ಲಿ ರಂಗಾಲಿ ದ್ವೀಪದಲ್ಲಿ ಸಮುದ್ರದ ಮಟ್ಟದಿಂದ 5 ಮೀಟರ್ ಕೆಳಗೆ ಗಾಜಿನ ಭೋಜನಶಾಲೆಯೂ ಆಯಿತು.

ಇಂಥ ಪ್ರತಿ ದ್ವೀಪವೂ ಒಂದು ಪುಟ್ಟ ನಗರವೇ. ವಿದ್ಯುತ್ತನ್ನು ಅಲ್ಲಿಯೇ ಎಣ್ಣೆ ಸುಟ್ಟು ಉತ್ಪಾದಿಸಬೇಕು. ಕುಡಿಯುವ ನೀರನ್ನು ಕಡಲಿನಿಂದ ಉಪ್ಪು ತೆಗೆದು ಮಾಡಿಕೊಳ್ಳಬೇಕು. ಅಕ್ಕಿ, ಹಣ್ಣು, ತರಕಾರಿ, ಮಾಂಸ ಎಲ್ಲವೂ ದೂರದೇಶಗಳಿಂದ ಬರಬೇಕು. ಉಳಿದ ಕಸವನ್ನು ಎಲ್ಲಿಗಾದರೂ ಸಾಗಿಸಬೇಕು. ಹಾಗೆ ಸಾಗಿಸಿದ ಕಸದಿಂದ 1990ರ ದಶಕದ ಮೊದಲಿನಿಂದ ಮಾಲೆಯ ಪಶ್ಚಿಮಕ್ಕೆ ತಿಲಫುಶಿ ಎಂಬ ಒಂದು ದ್ವೀಪವೇ ಬೆಳೆಯಿತು. ಇತ್ತ ಹವಳಕ್ಕೂ ಗಂಡಾಂತರ ಒದಗಿತು. 1998ರಲ್ಲಿ ಕಡಲು ಕಾವೇರಿದಾಗ ಆಳವಿಲ್ಲದ ನೀರಿನ ಹವಳದ ಬಹುಭಾಗ ಬಿಳಚಿ ಸತ್ತಿತು. 2016ರಲ್ಲಿ ಮತ್ತೆ ಅದೇ ವಿಪತ್ತು. ನಡುವೆ 2004ರ ಡಿಸೆಂಬರ್ 26ರ ಸುನಾಮಿಯಲ್ಲಿ 80ಕ್ಕೂ ಹೆಚ್ಚು ಜನ ಮಡಿದರು. ಕೆಲವು ಊರುಗಳನ್ನು ಜನರು ಶಾಶ್ವತವಾಗಿ ಬಿಟ್ಟು ಹೋಗಬೇಕಾಯಿತು.

ನಮ್ಮ ನಾಡಿಗೆ ಸಂಬಂಧಿಸಿದ ಒಂದು ಸಂಗತಿಯನ್ನು ಇಲ್ಲಿ ಹೇಳದೆ ಮುಂದುವರಿಯಲಾರೆ. ಇದೇ ಹವಳದ ಸಾಲಿನ ಉತ್ತರಭಾಗವಾದ ಲಕ್ಷದ್ವೀಪಗಳಲ್ಲಿ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್ ಮೊದಲಾದವು ಕಣ್ಣಾನೂರಿನ ಅರಕ್ಕಲ್ ಮನೆತನದ ಕೈಬಿಟ್ಟು 18ನೆಯ ಶತಮಾನದ ಕೊನೆಯಲ್ಲಿ ಟೀಪುಸುಲ್ತಾನನ ವಶವಾದುವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕಂಪೆನಿ ಸರಕಾರವು ಅವನ್ನು ಕನ್ನಡ ಜಿಲ್ಲೆಗೆ ಸೇರಿಸಿತು. 1956ರ ನವೆಂಬರ್ 1ರ ವರೆಗೂ ಅವು ದಕ್ಷಿಣ ಕನ್ನಡದ ಭಾಗವಾಗಿಯೇ ಇದ್ದುವು. ಅಮಿನಿಯಲ್ಲಿದ್ದ ಮೊನೇಗಾರನೆಂಬ ಅಧಿಕಾರಿಯು ಮಂಗಳೂರಿನ ಕಲೆಕ್ಟರನಿಗೆ ಅಧೀನನಾಗಿದ್ದನು. ದ್ವೀಪದವರು ಓಡಗಳಲ್ಲಿ ನಾರನ್ನೂ ಕೊಬ್ಬರಿಯನ್ನೂ ಹೇರಿಕೊಂಡು ಮಂಗಳೂರಿನ ಬಂದರಕ್ಕೆ ಬಂದು, ಅಕ್ಕಿಯನ್ನು ಕೊಂಡು, ಮುಂಗಾರಿಗೆ ಮೊದಲು ಮರಳುತ್ತಿದ್ದರು. ನಾರಿನ ವ್ಯಾಪಾರ ಸರಕಾರದ ಏಕಸ್ವಾಮ್ಯವಾಗಿದ್ದು ಅದರ ಬೆಲೆಯನ್ನು ಅಕ್ಕಿಯ ರೂಪದಲ್ಲಿ ಕೊಡುತ್ತಿದ್ದರು. ಈ ಲಕ್ಷದ್ವೀಪದಲ್ಲಿಯೂ 20ನೆಯ ಶತಮಾನದ ಕೊನೆಯ ಭಾಗದಲ್ಲಿ ರೆಸಾರ್ಟು ತೆರೆದಾಗ ಅದಕ್ಕೆ ಆರಿಸಿಕೊಂಡುದು ಜನವಿಲ್ಲದ ಬಂಗಾರಂ ದ್ವೀಪವನ್ನೇ. ಮದ್ಯಕ್ಕೆ ಅನುಮತಿಯಿದ್ದುದೂ ಅಲ್ಲಿ ಮಾತ್ರ.

ಮಾಲ್ಡೀವ್ಸಿನಲ್ಲಿ ಅತಿಥಿಗೂ ಊರಿಗೂ ನಡುವಣ ಈ ಗೋಡೆಯು ಒಂದಿಷ್ಟು ಬಿರುಕು ಬಿಟ್ಟುದು ತೀರ ಈಚೆಗೆ. 2008ರಲ್ಲಿ ಬಹುಪಕ್ಷಗಳ ಮೊದಲ ಚುನಾವಣೆ ನಡೆದು ಮೊಹಮ್ಮದ್ ನಶೀದ್ ರಾಷ್ಟ್ರಾಧ್ಯಕ್ಷನಾದ ಮೇಲೆ, 2009-10ರಲ್ಲಿ ಊರಿನ ದ್ವೀಪಗಳಲ್ಲಿಯೂ ಅತಿಥಿಗೃಹಗಳನ್ನು ನಡೆಸಲು ಅನುಮತಿ ದೊರೆಯಿತು. ಅಂಥ ಅತಿಥಿಗೃಹಗಳಿಗೆ ಮೊದಲು ಹೆಸರಾದುದು ಮಾಫುಶಿ. ದೇಶದ ಮುಖ್ಯ ಸೆರೆಮನೆ ಇರುವುದೂ ಅದೇ ದ್ವೀಪದಲ್ಲಿ. ಮೀನುಗಾರನೂ ಶಾಲೆಯ ಉಪಾಧ್ಯಾಯನೂ ತಮ್ಮ ಮನೆಗೆ ಎರಡು ಕೋಣೆ ಕೂಡಿಸಿಕೊಂಡು, ಮನೆಯ ಹೆಂಗಸರು ಅಡುಗೆ ಮಾಡಿ ಬಡಿಸಿ, ರೆಸಾರ್ಟಿನ ಬೆಲೆಯ ಅಲ್ಪಾಂಶಕ್ಕೆ ಪರದೇಶಿಯನ್ನು ಇರಿಸಿಕೊಳ್ಳುವುದು ಈಗ ನೂರಾರು ಕಡೆ ನಡೆದಿದೆ. ಬಂದ ಹಣ ಊರಿನಲ್ಲಿಯೇ ಉಳಿಯುತ್ತದೆ. ಗೇಣಿದಾರನ ಪೆಟ್ಟಿಗೆಯನ್ನು ಸೇರುವುದಿಲ್ಲ. ಇಬ್ನ್ ಬತೂತನು ವರ್ಣಿಸಿದ ಆ ಹಳೆಯ ಪದ್ಧತಿಗೆ ಇದೇ ನಿಜವಾದ ಉತ್ತರಾಧಿಕಾರಿಯೆಂಬುದು ನನ್ನ ನಿಶ್ಚಿತವಾದ ಅಭಿಪ್ರಾಯ.

ಬೆಂಗಳೂರಿನಿಂದ ಎರಡು ಗಂಟೆಗಳ ಹಾರಾಟದಲ್ಲಿ ಆ ದ್ವೀಪಗಳನ್ನು ಸೇರಬಲ್ಲ ಕನ್ನಡಿಗರಲ್ಲಿ ನಾನು ಕೇಳಿಕೊಳ್ಳುವುದು ಇಷ್ಟೆ: ಏಕಾಂತವು ಬೇಕಾದರೆ ಅದನ್ನೂ ಅನುಭವಿಸಿರಿ, ತಪ್ಪಿಲ್ಲ, ಆದರೆ ಹಿಂದಿರುಗುವ ಮುನ್ನ ಎರಡು ರಾತ್ರಿಗಳನ್ನಾದರೂ ಊರಿರುವ ದ್ವೀಪದಲ್ಲಿ ಒಬ್ಬರ ಮನೆಯಲ್ಲಿ ಕಳೆಯಿರಿ, ಅವರ ಮೀನಿನ ಸಾರನ್ನು ಉಣ್ಣಿರಿ, ಅವರ ಮಕ್ಕಳ ಶಾಲೆಯನ್ನು ನೋಡಿರಿ, ಮತ್ತು ಅಮೀನ್ ದೀದಿ ಯಾರೆಂದು ಅವರನ್ನು ಕೇಳಿ ತಿಳಿಯಿರಿ.